ಟೇಪಕ್ಕ ಬಚ್ಚಿಟ್ಟ ಅಳತೆ

ಮೂವತ್ತು ವರ್ಷ ಒಂದೇ ಕೆಲಸ ಮಾಡಿದವರಿಗೆ ಕೊನೆಗೆ ಆ ಕೆಲಸವೇ ಹೆಸರಾಗಿ ಅಂಟಿಕೊಳ್ಳುತ್ತದೆ. ಸಿನಿಮಾ ತೆಗೆಯುವ ಆ ದೊಡ್ಡ ಆವರಣದಲ್ಲಿ ಉಡುಪು ಹೊಲಿಯುವ ಹೆಂಗಸನ್ನು ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಟೇಪಕ್ಕ ಎಂದೇ ಕರೆಯುತ್ತಿದ್ದರು. ಕೊರಳಲ್ಲಿ ಅಳತೆಯ ಟೇಪಿಲ್ಲದೆ ಅವಳನ್ನು ಕಂಡವರಿಲ್ಲ. ಊಟಕ್ಕೆ ಕೂತರೂ ಅದು ಅಲ್ಲೇ ಜೋಲುತ್ತಿತ್ತು. ಅವಳ ಗಂಡ ಬಸ್ಸು ಓಡಿಸಿ ನಿವೃತ್ತನಾದವನು, ಬಾಯಿ ಸ್ವಲ್ಪ ಸಡಿಲ. ಮದುವೆಯ ದಿನ ಇವಳು ತನ್ನನ್ನು ನೋಡಿ ನಾಚಿಕೊಂಡಳು ಎಂದು ಹಿಗ್ಗಿದ್ದನಂತೆ, ಆಮೇಲೆ ನೋಡಿದರೆ ಭುಜದ ಅಳತೆಯನ್ನು ಕಣ್ಣಲ್ಲೇ ಅಂದಾಜು ಮಾಡುತ್ತಿದ್ದಳಂತೆ. ಮನೆಗೆ ಬಂದವರಿಗೆಲ್ಲ ಇದನ್ನು ಹೇಳದೆ ಅವನು ಕಾಫಿ ಕೊಟ್ಟದ್ದಿಲ್ಲ.

ಹೊಲಿಗೆ ಕಲಿತದ್ದು ದೊಡ್ಡಪ್ಪನ ಅಂಗಡಿಯಲ್ಲಿ. ಹತ್ತನೇ ವಯಸ್ಸಿಗೇ ಕಾಜಾ ಹೊಲಿದು ಗುಂಡಿ ಹಾಕಲು ಕೂತವಳು. ದೊಡ್ಡಪ್ಪ ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿದ್ದ ಮನುಷ್ಯ, ಆದರೆ ಕಸುಬಿನ ನೀತಿ ಕಲಿಸಿದ. ಯಾರ ಭುಜ ಏರುಪೇರು, ಯಾರ ಕಾಲು ಗಿಡ್ಡ, ಯಾವ ಸೊಸೆ ಅತ್ತೆಗೆ ಹೇಳುವ ಮೊದಲೇ ಬಸುರಿ, ಇದೆಲ್ಲ ದರ್ಜಿಗೆ ಮೊದಲು ಗೊತ್ತಾಗುತ್ತದೆ. ಗೊತ್ತಾದದ್ದು ಅಂಗಡಿಯ ಹೊಸಿಲು ದಾಟಬಾರದು. ಟೇಪಕ್ಕ ಈ ಮಾತನ್ನು ನಲವತ್ತೈದು ವರ್ಷ ನಡೆಸಿಕೊಂಡು ಬಂದಳು. ಒಂದೇ ಒಂದು ಸಲ ತಪ್ಪಿದಳು. ಆ ಒಂದು ಸಲದ ಕಥೆಯೇ ಇದು. ಹೇಳುವಾಗ ನನಗೆ ಸಿಟ್ಟು ಬಂದರೆ ತಡೆದುಕೊಳ್ಳಿ.

ಮುಖವಾಡ ಹಾಕಿಕೊಂಡು ಕಟ್ಟಡದಿಂದ ಕಟ್ಟಡಕ್ಕೆ ಹಾರಿ ಲೋಕ ಉಳಿಸುವ ವೀರನ ಸಿನಿಮಾ ಒಂದು ಶುರುವಾಯಿತು. ಹೀರೋ ಆಗಿ ಬಂದವನು ಮೂವತ್ತು ದಾಟಿದ ಹುಡುಗ, ಆವರೆಗೆ ಸಣ್ಣಪುಟ್ಟ ಪಾತ್ರ ಮಾಡಿದ್ದವನು. ಅವನಿಗೆ ರಬ್ಬರು ಹಾಳೆ ಮತ್ತು ಎಳೆದರೆ ಹಿಗ್ಗುವ ಬಟ್ಟೆ ಸೇರಿಸಿ ಟೇಪಕ್ಕ ಒಂದು ಕವಚ ಹೊಲಿದಳು. ಅದರೊಳಗೆ ತೂರಿಕೊಳ್ಳಲು ಅರ್ಧ ಗಂಟೆ ಬೇಕು, ಜಿಪ್ಪು ಬೆನ್ನಿಗೆ. ಇನ್ನೊಬ್ಬರ ಕೈ ಇಲ್ಲದೆ ಹಾಕುವ ಹಾಗಿಲ್ಲ, ಬಿಚ್ಚುವ ಹಾಗಿಲ್ಲ. ಅವನು ದಿನಾ ಬೆಳಗ್ಗೆ ಬೆನ್ನು ತಿರುಗಿಸಿ ನಿಂತು, ಲೋಕ ಕಾಪಾಡೋಕೆ ಹೊತ್ತಾಯ್ತು, ಬೇಗ ಜಿಪ್ಪು ಎಳಿ ಅಕ್ಕ, ಎನ್ನುತ್ತಿದ್ದ. ಮಕ್ಕಳಿಲ್ಲದ ಟೇಪಕ್ಕನಿಗೆ ಆ 'ಅಕ್ಕ' ಎನ್ನುವ ಮಾತು ಎಲ್ಲಿ ನಾಟಬೇಕೋ ಅಲ್ಲಿ ನಾಟಿತು.

ಚಿತ್ರೀಕರಣದ ಐದನೇ ತಿಂಗಳು ಕವಚ ಎದೆಯ ಹತ್ತಿರ ಎರಡು ಬೆರಳು ಸಡಿಲವಾಯಿತು. ಮುಂದಿನ ವಾರ ಮೂರು ಬೆರಳು. ಇವಳು ಬಾಗಿಲು ಹಾಕಿ, ಏನಪ್ಪಾ ಇದು ಎಂದು ಕೇಳಿದಳು. ಅವನು ಮುಚ್ಚಿಡಲಿಲ್ಲ. ರಕ್ತದ ಕಾಯಿಲೆ, ರಜೆಯ ದಿನ ಆಸ್ಪತ್ರೆ, ಡಾಕ್ಟರು ಹೇಳಿದ್ದು ಒಂದೆರಡು ವರ್ಷದ ಲೆಕ್ಕ. ಸಿನಿಮಾ ಮುಗಿಸಿಯೇ ತೀರಬೇಕು, ಯಾರಿಗೂ ಗೊತ್ತಾಗಬಾರದು, ಅಮ್ಮನಿಗಂತೂ ಗೊತ್ತಾಗಲೇಬಾರದು ಎಂದ. ಅವನಿಗೆ ಇದ್ದದ್ದು ಅಮ್ಮ ಒಬ್ಬರೇ.

ಟೇಪಕ್ಕ ತುಟಿ ಪಿಟಕ್ಕೆನ್ನಲಿಲ್ಲ. ವಾರಕ್ಕೊಂದು ಪದರದಂತೆ ಕವಚದೊಳಗೆ ಸ್ಪಂಜು ಹೊಲಿದಳು. ಮೊದಲು ಎದೆಗೆ, ಆಮೇಲೆ ತೋಳಿಗೆ, ತೊಡೆಗೆ, ಕೊನೆಗೆ ಹೆಗಲಿಗೆ. ಪ್ರತಿ ತಿಂಗಳು ಅಳತೆ ತೆಗೆದು ಪುಸ್ತಕದಲ್ಲಿ ಬರೆಯುವುದು ಅಲ್ಲಿನ ನಿಯಮ. ಎದೆ ಮೂವತ್ತಾರಕ್ಕೆ ಇಳಿದರೂ ಅವಳು ಬರೆದದ್ದು ನಲವತ್ತೆರಡು. ಜನ್ಮದಲ್ಲಿ ಒಂದೂ ತಪ್ಪು ಅಳತೆ ಬರೆಯದವಳು ಒಂಬತ್ತು ಸಲ ಬರೆದಳು. ಪರದೆಯ ಮೇಲೆ ಅವನು ಸಲಗದ ಹಾಗೆ ಕಂಡ. ಸಿನಿಮಾ ಬಿಡುಗಡೆಯಾದ ಮೂರನೇ ವಾರಕ್ಕೆ ತೀರಿಕೊಂಡ.

ಸುದ್ದಿ ಕೇಳಿ ಬೀದಿ ಬೀದಿಯಲ್ಲಿ ಜನ ನಿಂತು ಅತ್ತರು. ಎಲ್ಲ ಮುಗಿದು ನೆಂಟರು ಹೋದ ಮೇಲೆ ಅವನ ಅಮ್ಮ ಟೇಪಕ್ಕನ ಕೈ ಹಿಡಿದುಕೊಂಡರು. ದಿನಾ ಅವನ ಮೈ ನೋಡಿದವಳು ನೀನು, ನಿನಗೂ ಹೇಳಿರಲಿಲ್ವಾ ಎಂದು ಕೇಳಿದರು. ಇವಳು ಕೊಟ್ಟ ಮಾತಿಗೆ ಕಟ್ಟುಬಿದ್ದು, ಇಲ್ಲಮ್ಮ, ಆ ಕವಚ ಗಟ್ಟಿ, ಏನೂ ಗೊತ್ತಾಗ್ತಿರಲಿಲ್ಲ ಎಂದಳು.

ಅಮ್ಮ ಉಸಿರು ಬಿಟ್ಟರು. "ಹಂಗಾದ್ರೆ ಸರಿ. ಯಾರಿಗೂ ಹೇಳ್ಲಿಲ್ಲ. ನನಗೊಬ್ಬಳಿಗೇ ಮುಚ್ಚಿಟ್ಟ ಅಂತಲ್ಲ."

ಎಪ್ಪತ್ತರ ಹೆಂಗಸು ಹಿಡಿದುಕೊಂಡು ಬದುಕಿದ್ದು ಈ ಒಂದು ಮಾತನ್ನು. ಟೇಪಕ್ಕ ಪ್ರತಿ ಭಾನುವಾರ ಅವರ ಮನೆಗೆ ಹೋಗತೊಡಗಿದಳು, ಔಷಧಿ ತಂದುಕೊಟ್ಟಳು, ತಲೆ ಬಾಚಿದಳು. ಅಮ್ಮ ಆಗಾಗ, ಹೇಳೋದಾಗಿದ್ರೆ ನನಗೇ ಹೇಳ್ತಿದ್ದ ಬಿಡು, ಎನ್ನುವರು. ಹೌದಮ್ಮ ಎಂದು ಇವಳು ತಲೆಯಾಡಿಸುವಳು. ಆ ಒಂದು ಸುಳ್ಳು ನಿಂತಿರುವವರೆಗೆ ಅಮ್ಮ ನಿಂತಿರುತ್ತಾರೆ ಎಂದು ಅವಳಿಗೆ ಗೊತ್ತಿತ್ತು.

ವರ್ಷ ಕಳೆಯುವುದರೊಳಗೆ ಎರಡನೇ ಭಾಗದ ಮಾತು ಎದ್ದಿತು. ನಾಯಕನೇ ಇಲ್ಲದೆ ಎರಡನೇ ಭಾಗವೇ ಎಂದು ಊರೆಲ್ಲ ಮೂಗು ಮುರಿಯಿತು. ಕಥೆಯಲ್ಲೂ ವೀರ ಸತ್ತಿರುತ್ತಾನೆ, ತಂಗಿ ಮುಖವಾಡ ತೊಡುತ್ತಾಳೆ, ಇದು ಅವನಿಗೆ ನಾವು ಕೊಡುವ ಕೊನೆಯ ನಮಸ್ಕಾರ ಎಂದು ನಿರ್ದೇಶಕ ಎಲ್ಲರ ಬಾಯಿ ಮುಚ್ಚಿಸಿದ. ಟೇಪಕ್ಕನೂ ನಂಬಿದಳು. ತಂಗಿಯ ಕವಚಕ್ಕೆ ಬಟ್ಟೆ ಕತ್ತರಿಸುವಾಗ ಅತ್ತಳು.

ಒಂದು ಮಧ್ಯಾಹ್ನ ಆ ನಿರ್ದೇಶಕ ಅವಳ ಹೊಲಿಗೆ ಕೋಣೆಗೆ ಬಂದು ಸ್ಟೂಲಿನ ಮೇಲೆ ಕುಸಿದು ಕೂತ. ಕೊನೆಯ ದಿನಗಳಲ್ಲಿ ಹುಡುಗ ಒಂದು ಜಿಗಿತ ಮಾಡಲಾರೆ ಎಂದದ್ದಕ್ಕೆ ಸೋಮಾರಿ ಎಂದು ನೂರು ಜನರ ಮುಂದೆ ಬೈದಿದ್ದನಂತೆ. ಅದು ನೆನಪಾದರೆ ಅನ್ನ ಇಳಿಯುವುದಿಲ್ಲವಂತೆ. ನಾನೇ ಅವನನ್ನ ಕೊಂದೆನಾ ಅಕ್ಕ ಎಂದು ಮುಖ ಮುಚ್ಚಿಕೊಂಡು ಬಿಕ್ಕಿದ. ನಗುವ ಹೆಂಗಸನ್ನು ಅಳುವ ಗಂಡಸನ್ನು ನಂಬಬಾರದು ಎಂದು ಹಿರಿಯರು ಹೇಳಿದ್ದಾರೆ. ಹೆಂಗಸಿನ ವಿಷಯ ಅವರು ಸುಮ್ಮನೆ ಸೇರಿಸಿದ್ದು. ಗಂಡಸಿನ ವಿಷಯದಲ್ಲಿ ಅವರ ಮಾತಿಗೆ ಎದುರಿಲ್ಲ. ಟೇಪಕ್ಕ ಕತ್ತರಿ ಕೆಳಗಿಟ್ಟಳು. ನಿಮ್ಮ ಬೈಗುಳ ಅಲ್ಲ ಸರ್, ಅವನಿಗೆ ಮೊದಲೇ ಗೊತ್ತಿತ್ತು ಎಂದು ಶುರುಮಾಡಿದವಳು ಎಲ್ಲವನ್ನೂ ಹೇಳಿಬಿಟ್ಟಳು. ಸ್ಪಂಜಿನ ಪದರ, ಸುಳ್ಳು ಅಳತೆ, ಹುಡುಗ ಆಡಿದ ಒಂದೊಂದು ಮಾತು. ಅಮ್ಮನ ಕಿವಿಗೆ ಬೀಳಬಾರದು ಎಂದು ಕಡ್ಡಿ ಮುರಿದಂತೆ ಹೇಳಿದಳು. ಅವನು ಹೊಲಿಗೆ ಮಿಷನ್ನಿನ ಮೇಲೆ ಕೈಯಿಟ್ಟು ಆಣೆ ಮಾಡಿದ.

ಆಣೆ ಮಾಡಿದ ಕೈಯಿಂದಲೇ ಅದನ್ನೆಲ್ಲ ಸಿನಿಮಾದ ದೃಶ್ಯವಾಗಿ ಬರೆದ. ಏನು ಹೇಳೋಣ ಇಂಥವನಿಗೆ!

ಟೇಪಕ್ಕನಿಗೆ ಅದು ಗೊತ್ತಾದದ್ದು ತಿಂಗಳುಗಟ್ಟಲೆ ಕಳೆದ ಮೇಲೆ. ಚಿತ್ರೀಕರಣ ಕೊನೆಯ ಹಂತಕ್ಕೆ ಬಂದಿತ್ತು. ವಯಸ್ಸಾದ ಒಂದು ಪಾತ್ರಕ್ಕೆ ಮಾಸಿದ ಬಣ್ಣದ ನಿಲುವಂಗಿ ಬೇಕು ಎಂದು ಚೀಟಿ ಬಂದಿತ್ತು, ಹೊಲಿದಿದ್ದಳು. ಅದನ್ನು ತೊಟ್ಟು ನೋಡಲು ಬಂದ ನಟಿ ಕನ್ನಡಿಯ ಮುಂದೆ ನಿಂತು ಮಾತು ಬಾಯಿಪಾಠ ಮಾಡತೊಡಗಿದಳು. ಅಂಚು ಮಡಿಸಲು ನೆಲದ ಮೇಲೆ ಕೂತಿದ್ದ ಟೇಪಕ್ಕನ ಬಾಯಲ್ಲಿ ಗುಂಡುಪಿನ್ನುಗಳಿದ್ದವು. ನಟಿಯ ಪಾತ್ರ ವೀರನ ಕವಚ ಮಾಡುವ ಮುದುಕಿ, ಅವನು ಸೊರಗುತ್ತಾ ಹೋದಂತೆ ಒಳಗೆ ಪದರ ಸೇರಿಸುತ್ತಾಳೆ, ಅವನ ತಾಯಿಗೆ ಸುಳ್ಳು ಹೇಳುತ್ತಾಳೆ. ಸತ್ತ ವೀರ ಹೇಳಿದ್ದೆಂದು ಮುದುಕಿ ನೆನೆಯುವ ಮಾತನ್ನೂ ನಟಿ ಹೇಳಿಕೊಂಡಳು: "ನನ್ನ ತಾಯಿಯ ಹೃದಯ ಗಾಜು. ನನ್ನ ನೋವಿನ ಕಲ್ಲು ಅದಕ್ಕೆ ತಾಗದಿರಲಿ."

ಟೇಪಕ್ಕ ಪಿನ್ನುಗಳನ್ನು ಒಂದೊಂದಾಗಿ ಅಂಗೈಗೆ ಉಗುಳಿದಳು. ಗಾಜಂತೆ, ಕಲ್ಲಂತೆ. ಆ ಹುಡುಗ ಜನ್ಮದಲ್ಲಿ ಇಂಥ ಮಾತಾಡಿದವನಲ್ಲ. ನಟಿ ನಿಲುವಂಗಿ ಚೆನ್ನಾಗಿದೆ ಎಂದು ಹೊಗಳಿ, ಕೊರಳಿಗೆ ಅಳತೆಪಟ್ಟಿಯಂಥದ್ದೊಂದು ಹಾಕಿಕೊಳ್ಳಬೇಕಂತೆ, ನಿಮ್ಮದನ್ನೇ ಕೊಡ್ತೀರಾ ಎಂದು ಕೇಳಿದಳು. ಪಾಪ, ಅವಳಿಗೇನು ಗೊತ್ತು. ಟೇಪಕ್ಕ ಅಂಚನ್ನು ಪೂರ್ತಿ ಹೊಲಿದು ಮುಗಿಸಿದಳು, ಅರ್ಧಕ್ಕೆ ಬಿಟ್ಟೇಳುವ ಅಭ್ಯಾಸ ಅವಳಿಗಿರಲಿಲ್ಲ. ಆಮೇಲೆ ನಿರ್ದೇಶಕನ ಕೋಣೆಗೆ ಹೋದಳು.

ಅವನು ಗಾಬರಿಯಾಗಲಿಲ್ಲ, ಅದೇ ಅವಳನ್ನು ಹೆಚ್ಚು ಉರಿಸಿತು. ಕುರ್ಚಿ ಎಳೆದು ಕೊಟ್ಟ, ನೀರು ತರಿಸಿದ. ಇಡೀ ಸಿನಿಮಾ ಆ ಒಂದು ದೃಶ್ಯದ ಮೇಲೆ ನಿಂತಿದೆ ಅಕ್ಕ, ಜನ ಎದ್ದು ನಿಂತು ಅಳುತ್ತಾರೆ, ಎಲ್ಲ ಅವನ ನೆನಪಿಗಾಗಿಯೇ ಅಲ್ಲವಾ ಎಂದ. ಸಿನಿಮಾದ ಕೊನೆಯಲ್ಲಿ ನಿಮ್ಮ ಹೆಸರು ಹಾಕಿ ವಂದನೆ ಹೇಳುತ್ತೇವೆ ಎಂದ.

"ನೀವು ಆಣೆ ಮಾಡಿದ್ರಿ," ಎಂದಳು ಟೇಪಕ್ಕ.

"ನಾನು ಯಾರ ಹೆಸರೂ ಹೇಳಿಲ್ವಲ್ಲ ಅಕ್ಕ. ಅಮ್ಮನ ಹತ್ರ ಸಮಯ ನೋಡಿ ನಾನೇ ಮಾತಾಡ್ತೀನಿ. ನೀವು ತಲೆ ಕೆಡಿಸ್ಕೋಬೇಡಿ."

ನಂಬಿಸಿ ಕುತ್ತಿಗೆ ಕೊಯ್ಯುವುದು ಎಂದರೆ ಏನು ಎಂದು ಟೇಪಕ್ಕನಿಗೆ ಐವತ್ತೈದನೇ ವಯಸ್ಸಿಗೆ ಅರ್ಥವಾಯಿತು. ಮನೆಗೆ ಬಂದವಳ ಮುಖ ನೋಡಿ ಗಂಡ ಜೋಕು ಹೇಳದೆ ಸುಮ್ಮನೆ ಅನ್ನಕ್ಕಿಟ್ಟ. ಅವಳು ಉಣ್ಣಲಿಲ್ಲ. ಪರದೆಯ ಮೇಲೆ ನೋಡುವ ಮೊದಲು ಅಮ್ಮ ಅದನ್ನು ತನ್ನ ಬಾಯಿಂದಲೇ ಕೇಳಬೇಕು ಎಂದು ತೀರ್ಮಾನಿಸಿದಳು. ಹೇಳಿದರೆ ಅಮ್ಮನಿಗಿದ್ದ ಒಂದೇ ಸಮಾಧಾನ ಹೋಗುತ್ತದೆ, ಹೇಳದಿದ್ದರೆ ಸಾವಿರ ಜನರ ನಡುವೆ ಕತ್ತಲಲ್ಲಿ ಕೂತು ಕಳೆದುಕೊಳ್ಳುತ್ತಾರೆ.

ಭಾನುವಾರ ಬೆಳಗ್ಗೆ ಹೋದಾಗ ಅಮ್ಮ ಕಿಟಕಿಯ ಪಕ್ಕ ಮೊರದಲ್ಲಿ ಬಟಾಣಿ ಇಟ್ಟುಕೊಂಡು ಸುಲಿಯುತ್ತಿದ್ದರು. ಟೇಪಕ್ಕ ಕೂರಲಿಲ್ಲ. ನಿಂತುಕೊಂಡೇ ಹೇಳಿದಳು. ಹುಡುಗ ತನಗೆ ಹೇಳಿದ್ದ, ತಾನು ಸುಳ್ಳು ಹೇಳಿದ್ದೆ, ನಿರ್ದೇಶಕ ಅದನ್ನು ಸಿನಿಮಾದಲ್ಲಿ ಹಾಕಿದ್ದಾನೆ. ಅಮ್ಮನ ಬೆರಳು ಒಂದು ಕಾಯಿಗೂ ತಡವರಿಸಲಿಲ್ಲ.

"ಗೊತ್ತು," ಎಂದರು.

ಎಂಟು ತಿಂಗಳ ಹಿಂದೆಯೇ ನಿರ್ದೇಶಕ ಕಾಗದ ಹಿಡಿದುಕೊಂಡು ಬಂದಿದ್ದನಂತೆ. ಮಗನ ಕಥೆ ತೆಗೆಯಲು ತಾಯಿಯ ಸಹಿ ಬೇಕಿತ್ತು. ಆ ದೃಶ್ಯವನ್ನು ಓದಿ ಹೇಳಿದನಂತೆ. ಇದು ನಿಜವೋ ಕಟ್ಟಿದ್ದೋ ಎಂದು ಕೇಳಿದರೆ, ಟೇಪಕ್ಕನೇ ಹೇಳಿದ್ದು ಎಂದನಂತೆ. ಅಮ್ಮ ಸಹಿ ಹಾಕಿದರು. ಬೇಡ ಎಂದಿದ್ದರೆ ಆದದ್ದು ಆಗದೆ ಹೋಗುತ್ತಿತ್ತೇ ಎಂದರು.

ಮೊನ್ನೆ ಕುರ್ಚಿ ಎಳೆದುಕೊಟ್ಟು, ಸಮಯ ನೋಡಿ ಮಾತಾಡ್ತೀನಿ ಎಂದವನು ಎಂಟು ತಿಂಗಳ ಹಿಂದೆಯೇ ಟೇಪಕ್ಕನ ಹೆಸರು ಹೇಳಿ ಎದ್ದುಹೋಗಿದ್ದ.

"ಅವತ್ತಿಂದ ಪ್ರತಿ ಭಾನುವಾರ ನಿನ್ನ ಕೇಳಿದೀನಿ," ಎಂದರು ಅಮ್ಮ. "ಇನ್ನೇನಾದ್ರೂ ಇದೆಯಾ ಹೇಳೋದು ಅಂತ. ನೀನು ಏನಿಲ್ಲಮ್ಮ ಅಂತಿದ್ದೆ, ನನ್ನ ತಲೆ ಬಾಚ್ತಿದ್ದೆ. ಈಗ ಸಿನಿಮಾ ಬರ್ತಿದೆ ಅಂತ ಬಂದಿದೀಯ. ಬರದೇ ಇದ್ದಿದ್ರೆ ಹೇಳ್ತಿದ್ಯಾ?"

ಟೇಪಕ್ಕ ಯೋಚಿಸಿದಳು. "ಇಲ್ಲಮ್ಮ," ಎಂದಳು.

ಅಮ್ಮ ಸಿಪ್ಪೆಗಳನ್ನು ಒಂದು ಕಡೆ ಸರಿಸಿದರು. "ಆ ಗಾಜು, ಕಲ್ಲು ಅಂತ ಇದೆಯಲ್ಲ. ಅದು ಅವನಂದಿದ್ದಾ?"

ಹೌದು ಎಂದಿದ್ದರೆ ಮುಗಿದಿತ್ತು. ಚೆಂದದ ಮಾತು, ತಾಯಿಯಾದವಳು ಕೊರಳಿಗೆ ಕಟ್ಟಿಕೊಂಡು ಬದುಕಬಹುದಾದ ಮಾತು. ಆದರೆ ಟೇಪಕ್ಕನ ಹತ್ತಿರ ಸುಳ್ಳು ಮುಗಿದುಹೋಗಿತ್ತು.

"ಅಲ್ಲಮ್ಮ."

"ಮತ್ತೆ ಏನಂದ?"

"ಅಮ್ಮಂಗೆ ಹೇಳಿದ್ರೆ ಅವಳನ್ನ ಸಮಾಧಾನ ಮಾಡೋದೇ ನನಗೆ ಇನ್ನೊಂದು ಕೆಲಸ ಆಗತ್ತೆ, ಅಷ್ಟು ಶಕ್ತಿ ಇಲ್ಲ ಅಕ್ಕ, ಅಂದ."

ಆಗ ಅಮ್ಮನ ಕೈ ನಿಂತಿತು. ಕಣ್ಣಲ್ಲಿ ನೀರು ಬಂದು ಹಾಗೇ ಇಳಿಯಿತು, ಒರೆಸಿಕೊಳ್ಳಲಿಲ್ಲ.

"ಇದು ಅವನ ಮಾತು," ಎಂದರು. "ಇನ್ನೊಂದ್ಸಲ ಹೇಳು. ಅವನು ಹೆಂಗಂದ, ಹಂಗೇ."

ಟೇಪಕ್ಕ ಇನ್ನೊಂದು ಸಲ ಹೇಳಿದಳು. ಅಮ್ಮ ತುಟಿ ಅಲ್ಲಾಡಿಸುತ್ತಾ ಜೊತೆಗೇ ಹೇಳಿಕೊಂಡರು. ಆಮೇಲೆ ತಲೆಯೆತ್ತಿ, ಇದನ್ನೂ ಆ ಮನುಷ್ಯನಿಗೆ ಹೇಳಿದ್ದೆಯಾ ಎಂದು ಕೇಳಿದರು. ಟೇಪಕ್ಕ ಹೂಂ ಎಂದಳು.

"ಅವನು ನನಗೆ ಅಂತ ಬಿಟ್ಟುಹೋಗಿದ್ದು ಇದೊಂದೇ ಮಾತು. ಅದನ್ನ ನೀನು ಮೊದಲು ಬೇರೆಯವರ ಕೈಗೆ ಕೊಟ್ಟೆ. ಅವರು ನೋಡಿ, ಚೆನ್ನಾಗಿಲ್ಲ ಅಂತ ಬಿಸಾಕಿದ್ರು. ಅವರು ಬಿಸಾಕಿದ್ದನ್ನ ಈಗ ನನಗೆ ತಂದಿದೀಯ."

ಅಮ್ಮ ಮತ್ತೆ ಮೊರ ಹತ್ತಿರ ಎಳೆದುಕೊಂಡರು.

"ಹೋಗುವಾಗ ಬಾಗಿಲು ಹಾಕ್ಕೊಂಡು ಹೋಗು. ಮುಂದಿನ ಭಾನುವಾರ ಬರಬೇಡ."