ಬಸುರಿಯರ ಜೊತೆ ನಡೆಯುವ ಚೆನ್ನಬಸಮ್ಮ

ಬೆಳಗಿನ ಆರು ಗಂಟೆ. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಆಟೊಗಳ ಓಡಾಟ ಇನ್ನೂ ಶುರುವಾಗಿಲ್ಲ. ಆಶಾ ಕಾರ್ಯಕರ್ತೆ ಚೆನ್ನಬಸಮ್ಮ ನಾಲ್ವರು ಬಸುರಿಯರನ್ನು ಕರೆದುಕೊಂಡು ನಡೆಯುತ್ತಿದ್ದಾರೆ. “ಮಾತಾಡ್ಕೋತ ನಡೀರಿ. ಸುಮ್ಮನಾದ್ರ ದಮ್ಮು ಹತ್ತೇತಿ ಅಂತ ತಿಳೀತೀನಿ.” ಅತ್ತೆಯನ್ನು ಬೈಯುತ್ತಿದ್ದ ಗಂಗೋತ್ರಿ ಅರ್ಧಕ್ಕೇ ನಿಲ್ಲಿಸುತ್ತಾಳೆ. “ಅತ್ತಿ ಪುರಾಣ ಮುಗೀತೋ, ಉಸುರು ಮುಗೀತೋ?” ಎನ್ನುತ್ತ ಚೆನ್ನಬಸಮ್ಮ ಎಲ್ಲರನ್ನೂ ಕಟ್ಟೆಯ ಮೇಲೆ ಕೂರಿಸಿ ನೀರು ಕುಡಿಸುತ್ತಾರೆ.

ಅರ್ಧ ಗಂಟೆ ನಡಿಗೆ, ಆಮೇಲೆ ಗೋಡೆ ಹಿಡಿದು ನಾಲ್ಕು ಸಲ ಕೂತು ಏಳುವುದು. ಹದಿನಾರು ವರ್ಷದಿಂದ ಇದೇ ಕೆಲಸ. ಈಗ ಇವರ ಪಾಲಿಗೆ ಹನ್ನೊಂದು ಮಂದಿ ಬಸುರಿಯರು. ಹೆಚ್ಚಿನವರು ಬಾಳೆತೋಟದ ಕೂಲಿಯವರು. ಗೊನೆ ಹೊತ್ತಷ್ಟೂ ಹೆರಿಗೆ ಸಲೀಸು ಎನ್ನುವ ಹಿರಿಯರಿಗೆ ಇಲ್ಲಿ ಬರವಿಲ್ಲ. “ಅದು ದುಡಿಮಿ, ಎಕ್ಸರ್‌ಸೈಜ್ ಅಲ್ರಿ,” ಎಂದು ಮನೆಮನೆಗೆ ಹೇಳಿ ಹೇಳಿ ಇವರ ಬಾಯಿ ನೋಯುತ್ತದೆ.

ಎರಡು ವರ್ಷದ ಹಿಂದೆ ಇವರೂ ತಪ್ಪಿದರು. “ಒಂದಿನಾನೂ ನಡಿಯೋದು ಬಿಡಬ್ಯಾಡ್ರಿ” ಎಂದು ಎಲ್ಲರಿಗೂ ಹೇಳಿದ್ದರು. ಯಾವಾಗ ಬಿಡಬೇಕೆಂದು ಹೇಳಿರಲಿಲ್ಲ. ಏಳು ತಿಂಗಳ ಬಸುರಿ ಲಲಿತಾಗೆ ರಕ್ತ ಕಾಣಿಸಿತು. ನಡೆದರೆ ಸರಿಹೋದೀತೆಂದು ಯಾರಿಗೂ ಹೇಳದೆ ಎರಡು ದಿನ ನಡೆದಳು. ಆಸ್ಪತ್ರೆ ಸೇರುವಷ್ಟರಲ್ಲಿ ಕೂಸು ಹೊಟ್ಟೆಯಲ್ಲೇ ತೀರಿಹೋಗಿತ್ತು. ನಡೆದದ್ದಕ್ಕಲ್ಲ, ತಡವಾಗಿ ಬಂದದ್ದಕ್ಕೆ ಹೀಗಾಯಿತು ಎಂದರು ಡಾಕ್ಟರು. “ತಡ ಮಾಡಿಸಿದ್ದು ನನ್ನ ಮಾತ ಅಲ್ಲೇನ್ರಿ? ಕೆಟ್ಟ ಮ್ಯಾಲೆ ಬುದ್ಧಿ ಬಂತು,” ಎನ್ನುತ್ತಾರೆ ಚೆನ್ನಬಸಮ್ಮ.

ಈಗ ಪಾಠ ಶುರುವಾಗುವುದೇ ನಿಲ್ಲಿಸುವುದರಿಂದ. ರಕ್ತ ಕಂಡರೆ, ನೀರು ಹೋದರೆ, ಹೊಟ್ಟೆ ನೊಂದರೆ, ತಲೆ ಸುತ್ತಿದರೆ, ಕೂಸು ಆಡುವುದು ಕಮ್ಮಿಯಾದರೆ ನಡಿಗೆ ಬಂದ್, ಜಲ್ದಿ ಆಸ್ಪತ್ರೆಗೆ. ನಾಲ್ವರೂ ಇದನ್ನು ಬಾಯಿಪಾಠ ಒಪ್ಪಿಸಿದ ಮೇಲೇ ಹೊರಡುತ್ತಾರೆ.

ಲಲಿತಾ ಈಗ ಮತ್ತೆ ಏಳು ತಿಂಗಳ ಬಸುರಿ. ನಡೆಯಬಹುದೆಂದು ಡಾಕ್ಟರು ಹೇಳಿದರೂ ಅಂಜಿಕೆಗೆ ಹೊಸ್ತಿಲು ದಾಟುವುದಿಲ್ಲ. ಚೆನ್ನಬಸಮ್ಮ ದಿನಾ ಅವಳ ಮನೆಗೆ ಹೋಗುತ್ತಾರೆ. ಮೊದಲ ತಿಂಗಳು ಬಾಗಿಲೇ ತೆರೆಯಲಿಲ್ಲವಂತೆ. ಇವತ್ತು ಪಡಸಾಲೆಯಲ್ಲಿ ಇಬ್ಬರೂ ಮೆಲ್ಲಗೆ ಹತ್ತು ಹೆಜ್ಜೆ ನಡೆಯುತ್ತಾರೆ. “ಇವರ ಮ್ಯಾಲಿನ ಸಿಟ್ಟು ಇನ್ನೂ ಹೋಗಿಲ್ರಿ,” ಎನ್ನುತ್ತಾಳೆ ಲಲಿತಾ, ಅವರ ಕೈ ಗಟ್ಟಿಯಾಗಿ ಹಿಡಿದುಕೊಂಡೇ.

ಹೊರಗೆ ಬಂದ ಮೇಲೆ ಚೆನ್ನಬಸಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. “ಸಿಟ್ಟು ಇರ್ಲಿ ಬಿಡ್ರಿ. ಆಕಿ ಕೂಸು ಒಂದ್ಸಲ ಜೋರಾಗಿ ಅಳ್ಲಿ. ನಾನು ಆಸ್ಪತ್ರಿ ಬಾಗಲದಾಗ ನಿಂತು ಕೇಳಿಸ್ಕೊಂಡು ಮನೀಗೆ ಹೋಗ್ತೀನಿ.”