ಕೈ ಅಳತೆಯ ಮನುಷ್ಯ

ನಮ್ಮ ಯಜಮಾನರು ರೇಣುಕಾಪ್ರಸಾದ್ ಮಾಗಡಿಯಲ್ಲಿ ಏಸಿ, ಫ್ರಿಜ್ ರಿಪೇರಿ ಮಾಡುತ್ತಾರೆ. ತಿಪ್ಪಸಂದ್ರದಲ್ಲಿ ಹುಟ್ಟಿ, ಹತ್ತನೇ ಕ್ಲಾಸಿನಲ್ಲಿ ಎರಡು ಸಲ ಫೇಲಾಗಿ, ಫ್ರಿಜ್ ಅಂಗಡಿಯೊಂದನ್ನು ಸೇರಿ ಕೆಲಸ ಕಲಿತವರು. ಈಗ ಇಪ್ಪತ್ತೆಂಟು ವರ್ಷದ ಸರ್ವೀಸು. ಏಸಿಯ ತಾಮ್ರದ ಪೈಪಿನ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ನಾಡಿ ಹಿಡಿದ ಪಂಡಿತರ ಹಾಗೆ ಒಂದು ನಿಮಿಷ ನಿಂತರೆಂದರೆ ಒಳಗೆ ಗ್ಯಾಸ್ ಎಷ್ಟಿದೆ ಎಂದು ಹೇಳಿಬಿಡುತ್ತಾರೆ. ಒತ್ತಡ ಅಳೆಯುವ ಗೇಜು ಹಾಕುವುದೇನಿದ್ದರೂ ಗಿರಾಕಿಯ ಸಮಾಧಾನಕ್ಕೆ. ಗ್ಯಾಸನ್ನು ತೂಗಿ ತುಂಬುವ ತಕ್ಕಡಿಯೊಂದನ್ನು ಗಂಟಲು ಹರಿದುಕೊಂಡು ನಾನೇ ಕೊಳ್ಳುವಂತೆ ಮಾಡಿದ್ದೆ. ಅದು ಗಾಡಿಯ ಪೆಟ್ಟಿಗೆಯ ತಳದಲ್ಲಿ ಮಲಗಿತ್ತು. "ಅಡಿಗೆಯೋನು ಉಪ್ಪು ತೂಗಿ ಹಾಕ್ತಾನೇನೆ ಶಾಂಭವಿ?" ಎನ್ನುತ್ತಿದ್ದರು. ಈ ಜಂಬ ನನ್ನ ಮೈ ಉರಿಸುತ್ತಿತ್ತು. ಹಾಗೆಂದು ಬೇರೆಯವರು ಅವರ ಕೈಗುಣಕ್ಕೆ ಕೊಂಕು ತೆಗೆದರೆ ಜಗಳಕ್ಕೆ ನಿಲ್ಲುವವಳೂ ನಾನೇ.

ನನ್ನ ಅಕ್ಕ ಚನ್ನಬಸಮ್ಮ ಗುಡೇಮಾರನಹಳ್ಳಿಯಲ್ಲಿ ರೇಷ್ಮೆ ಹುಳ ಸಾಕುತ್ತಾಳೆ. ಬೇಸಿಗೆಯಲ್ಲಿ ಅವಳ ಶೀಟಿನ ಹುಳದ ಮನೆ ಕಾದ ಹೆಂಚಾಗುತ್ತದೆ. ಅದಕ್ಕೇ ಸೊಸೆ ರಕ್ಷಿತಾಳ ಕೋಣೆಗೆ ತವರಿನವರು ಹಾಕಿಸಿಕೊಟ್ಟಿದ್ದ ಏಸಿಯ ಮೇಲೆ ಅಕ್ಕನ ಕಣ್ಣು ಬಿತ್ತು. ಮಗ ಸೊಸೆ ಹಜಾರಕ್ಕೆ ಬಂದರು, ಮರಿಹುಳಗಳು ಏಸಿ ಕೋಣೆ ಸೇರಿದವು.

ಮಾರ್ಚಿನ ಬೆಳೆಯಲ್ಲಿ ಏಸಿ ತಣ್ಣಗೆ ಮಾಡುತ್ತಿಲ್ಲ ಎಂದಾಗ ಇವರು ಹೋಗಿ ಗ್ಯಾಸ್ ತುಂಬಿ ಬಂದಿದ್ದರು. ಏಪ್ರಿಲಿನ ಒಂದು ಭಾನುವಾರ ಅಕ್ಕ ಮತ್ತೆ ಫೋನ್ ಮಾಡಿದಳು. ಏಸಿ ಐದು ನಿಮಿಷ ಓಡಿ ನಿಂತುಬಿಡುತ್ತಿದೆ, ಹುಳ ಮೂರನೇ ಜ್ವರಕ್ಕೆ ಕೂತಿವೆ ಎಂದು ಅಳುವ ದನಿ. ಹುಳ ಸೊಪ್ಪು ಬಿಟ್ಟು, ಪೊರೆ ಕಳಚಲು ಅಲ್ಲಾಡದೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆಗ ಮೇಲೆ ಸುಣ್ಣದ ಪುಡಿ ಉದುರಿಸುತ್ತಾರೆಯೇ ಹೊರತು ಮುಟ್ಟುವ ಹಾಗಿಲ್ಲ, ಬೇರೆ ಕಡೆಗೆ ಸಾಗಿಸುವ ಹಾಗೂ ಇಲ್ಲ. ನಾನೂ ಗಾಡಿ ಹತ್ತಿದೆ.

ನಾವು ಹೋದಾಗ ರಕ್ಷಿತಾ ಗೋಡೆಗೆ ಒರಗಿ ತಲೆ ತಗ್ಗಿಸಿ ನಿಂತಿದ್ದಳು.

"ಎಲ್ಲಾ ಇವ್ಳ್ದೇ ಕೆಲ್ಸ ಕಣ್ ರೇಣುಕಪ್ಪ. ರಿಮೋಟ್ ಹಿಡ್ಕಂಡು ಹದಿನಾರಕ್ಕೆ ಇಕ್ಕಿ ಇಕ್ಕಿ ಮಿಷನ್ ಕೆಡಿಸ್‌ಬುಟ್ಲು. ಹುಳ ಸತ್ರೆ ಇವ್ಳ ತವ್ರಿನೋರು ಬಂದು ಕಟ್ಕೊಡ್ತಾರಾ?" ಎಂದಳು ಅಕ್ಕ.

"ನಾನು ಇಪ್ಪತ್ತಾರು ಬಿಟ್ಟು ಇಟ್ಟೇ ಇಲ್ಲ ಅತ್ತೆ," ಎಂದಳು ಹುಡುಗಿ. ಯಾರೂ ಕೇಳಿಸಿಕೊಳ್ಳಲಿಲ್ಲ.

ಇವರು ಮನೆ ಹಿಂದೆ ಹೋಗಿ ಏಸಿಯ ಹೊರಗಿನ ಪೆಟ್ಟಿಗೆ ಮುಟ್ಟಿ ಕೈ ಹಿಂದೆಳೆದುಕೊಂಡರು, ಅಷ್ಟು ಕಾದಿತ್ತು. "ಒಸಿ ಗ್ಯಾಸ್ ತುಂಬಿಬುಡಿ, ಸರಿಹೋಯ್ತದೆ," ಎಂದು ಅಕ್ಕ ಅವಸರ ಮಾಡಿದಳು. ಇವರು, "ಒಳಗಿನ ಪೆಟ್ಟಿಗೆ ನೋಡ್ಬೇಕಲ್ಲಕ್ಕ," ಎಂದರು.

ಅಕ್ಕ ಬಾಗಿಲಿಗೆ ಅಡ್ಡ ನಿಂತಳು. ಹುಳ ಇರುವ ಕಡೆ ಹೊರಗಿನವರನ್ನು ಬಿಡುವ ಪದ್ಧತಿಯಿಲ್ಲ. ರೋಗ ತಗುಲಬಹುದು, ದೃಷ್ಟಿಯಾಗಬಹುದು. ಮಾರ್ಚಿನಲ್ಲೂ ಇವರು ಹೊಸ್ತಿಲು ದಾಟಿರಲಿಲ್ಲ. ಹೊರಗೇ ನಿಂತು ಗ್ಯಾಸ್ ತುಂಬಿದ್ದರು. ಈ ಸಲ ಬ್ಲೀಚಿಂಗ್ ನೀರಿನಲ್ಲಿ ಕೈಕಾಲು ತೊಳೆದು, ಅಕ್ಕನನ್ನು ಒಪ್ಪಿಸಿ ಒಳಗೆ ಹೋದರು.

ಏಸಿಯ ಮುಚ್ಚಳ ತೆಗೆದರೆ ಜಾಲರಿಯ ತುಂಬ ಸುಣ್ಣ! ಗಾಳಿಯಾಡಲು ಸೂಜಿಯಷ್ಟೂ ಜಾಗವಿರಲಿಲ್ಲ. ಹುಳದ ತಟ್ಟೆಗಳಿಗೆ ಪ್ಲಾಸ್ಟಿಕ್ ಹೊದಿಸಿ, ಬ್ರಷ್ಷಿನಲ್ಲಿ ಮೆಲ್ಲಗೆ ಎಲ್ಲ ಬಿಡಿಸಿದರು. ಆಮೇಲೆ ಹೊರಗೆ ಬಂದು ಗಾಡಿಯಿಂದ ಆ ತಕ್ಕಡಿ ತಂದರು. ಖಾಲಿ ಸಿಲಿಂಡರನ್ನು ಅದರ ಮೇಲಿಟ್ಟು ಏಸಿಯೊಳಗಿನ ಗ್ಯಾಸನ್ನೆಲ್ಲ ಅದಕ್ಕೆ ಎಳೆದರು. ಒಂದು ಕೆಜಿ ನೂರು ಗ್ರಾಂ ತೋರಿಸಿತು. ಹೊರಗಿನ ಪೆಟ್ಟಿಗೆಯ ಮೇಲೆ ಕಂಪನಿಯವರು ಅಂಟಿಸಿದ್ದ ಚೀಟಿಯಲ್ಲಿ ಇರಬೇಕಾದದ್ದು ಎಂಟುನೂರ ಐವತ್ತು ಗ್ರಾಂ ಎಂದಿತ್ತು. ಕಾಲು ಕೆಜಿ ಹೆಚ್ಚು.

ಅದು ಎಲ್ಲಿಂದ ಬಂತೆಂದು ನನಗೆ ಅವರ ಮುಖ ನೋಡಿದ ಕೂಡಲೇ ಗೊತ್ತಾಯಿತು. ಇವರು ಪಂಪು ಹಾಕಿ ಪೈಪಿನೊಳಗಿನ ಗಾಳಿ, ತೇವ ತೆಗೆದು, ಎಂಟುನೂರ ಐವತ್ತನ್ನು ಗ್ರಾಂ ಗ್ರಾಂ ನೋಡಿ ತುಂಬುತ್ತಿದ್ದಾಗ ಹತ್ತಿರ ಹೋಗಿ ಪಿಸುಗುಟ್ಟಿದೆ. "ಸರಿ ಮಾಡಿದ್ರಲ್ಲ, ಸಾಕು. ಸುಣ್ಣ ಕಟ್ಕೊಂಡಿತ್ತು ಅಂತ ಹೇಳಿ ಸುಮ್ನಾಗಿ." ನಮ್ಮ ಕಡೆಯವರ ಮುಂದೆ ನನ್ನ ಗಂಡ ಸಣ್ಣವನಾಗುವುದು ನನಗೆ ಬೇಕಿರಲಿಲ್ಲ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಏಸಿ ಶುರುವಾಯಿತು. ಅರ್ಧ ಗಂಟೆಯಾದರೂ ನಿಲ್ಲಲಿಲ್ಲ. ಕೋಣೆ ತಣ್ಣಗಾಯಿತು. ಅಕ್ಕ ಕೈ ಮುಗಿದು, "ಇನ್ಮೇಲೆ ಇವ್ಳ ಕೈಗೆ ರಿಮೋಟ್ ಕೊಡಾಕಿಲ್ಲ ಬುಡಿ," ಎಂದಳು.

ಇವರು ಕೈ ಒರೆಸಿಕೊಳ್ಳುತ್ತಿದ್ದವರು ನಿಲ್ಲಿಸಿದರು. "ರಕ್ಷಿತಾದು ಏನೂ ತಪ್ಪಿಲ್ಲಕ್ಕ. ತಪ್ಪು ನಂದು. ಅವತ್ತೂ ಸುಣ್ಣಾನೇ ಕಟ್ಕೊಂಡಿದ್ದಿದ್ದು. ಒಳಗೆ ಗಾಳಿ ಆಡ್ದೆ ಗೇಜಿನ ಮುಳ್ಳು ಇಳಿದಿತ್ತು. ನಾನು ಗ್ಯಾಸ್ ಕಮ್ಮಿ ಆಗೈತೆ ಅಂತ ಕೈ ಅಳತೇಲಿ ಕಾಲು ಕೆಜಿ ಜಾಸ್ತಿ ತುಂಬ್‌ಬುಟ್ಟೆ. ಅದಕ್ಕೇ ಮಿಷನ್ ಕಾದು ಕಾದು ನಿಲ್ತಿತ್ತು."

ಇಪ್ಪತ್ನಾಲ್ಕು ವರ್ಷ ಸಂಸಾರ ಮಾಡಿದ್ದೇನೆ. ತಪ್ಪು ನಂದು ಎಂಬ ಮಾತು ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ನನಗೆ ಹೆಮ್ಮೆಯಾಯಿತು. ರಕ್ಷಿತಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಅಕ್ಕ ಸೊಸೆಯ ಕಡೆ ಒಮ್ಮೆ ನೋಡಿ ಅಡುಗೆಮನೆಗೆ ಹೋದಳು. ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳುವ ಜಾಯಮಾನ ಅವಳದಲ್ಲ. ಊಟದ ಹೊತ್ತಿಗೆ ರಕ್ಷಿತಾ ಎಂದಿನಂತೆ ಬಡಿಸಲು ಸಾರಿನ ಪಾತ್ರೆಗೆ ಕೈ ಹಾಕಿದಳು. ಅಕ್ಕ ಅದನ್ನು ಕಿತ್ತುಕೊಂಡು, "ಕೂತ್ಕಳವ್ವ ನೀನೂ. ಬೆಳಗ್ಗಿಂದ ಏನೂ ತಿಂದಿಲ್ಲ," ಎಂದು ಇವರ ಪಕ್ಕದಲ್ಲೇ ತಟ್ಟೆ ಹಾಕಿದಳು. ಆ ದಿನ ಮೊದಲ ಮುದ್ದೆ, ತುಪ್ಪ ಬಿದ್ದದ್ದು ಸೊಸೆಯ ತಟ್ಟೆಗೆ.