ಕೆರೆಗೆ ಹೋಗುವ ಕವಲು

ಮಕ್ಕಳೇ, ಪಟಾನ್‌ಚೆರು ಕಾರ್ಖಾನೆಗಳ ಆಚೆ, ಕುರುಚಲು ಕಾಡಿನ ಕೆರೆದಂಡೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಅಜ್ಜನ ಜೊತೆ ಎಲ್ಲ ಕಾಲದಲ್ಲೂ ನಡೆದು ಬರುತ್ತಿದ್ದ ಜಾಗ ಇದು. ಅವರು ತೀರಿಕೊಂಡ ಮೇಲೆ ಇವತ್ತೇ ಮೊದಲು ಬಂದೆ.

ದಾರಿ ಕವಲೊಡೆದಲ್ಲಿ ನನ್ನ ಮಗಳು, ನಿಮ್ಮ ಸುಮಾ ಅತ್ತೆ, ನಿಂತುಬಿಟ್ಟಳು. “ಯವ್ವಾ, ಎಡಕ್ಕೋ ಬಲಕ್ಕೋ?”

“ನನಗೇನ ಗೊತ್ತವ್ವಾ? ನಿಮ್ಮಪ್ಪ ಮುಂದ ಹೋಗ್ತಿದ್ರು, ನಾ ತಲಿ ತಗ್ಗಿಸಿ ಹಿಂದ ಬರ್ತಿದ್ದೆ.”

“ಇಷ್ಟ್ ವರ್ಷ ನಡದು ದಾರೀನ ನೋಡಿಲ್ಲೇನಬೇ?” ಎಂದು ನಕ್ಕಳು.

ದಾರಿಯೂ ಅವರ ಜೊತೆಗೇ ಹೋಯಿತು ಎಂದುಕೊಂಡೆ. ನಾಚಿಕೆಯಾಗಿ ತಲೆ ತಗ್ಗಿಸಿದರೆ, ಬಲಗಡೆಯ ಹಾಸುಬಂಡೆಯಲ್ಲಿ ಒಂದು ಕುಳಿ ಕಂಡಿತು. ಮಳೆಗಾಲದಲ್ಲಿ ಅದರ ನೀರನ್ನು ಸೀರೆ ಎತ್ತಿಕೊಂಡು ದಾಟುತ್ತಿದ್ದೆ. ಚಳಿಗಾಲದಲ್ಲಿ ಅದರೊಳಗೆ ಬಾರೆಹಣ್ಣು ಬಿದ್ದಿರುತ್ತಿದ್ದವು. ಈಗ ಮುತ್ತುಗದ ಹೂ ತುಂಬಿತ್ತು. ಅದರಾಚೆ ನಾನು ಯಾವಾಗಲೂ ಎಡವುತ್ತಿದ್ದ ಬೇರು, ಆಮೇಲೆ ಬಿಳಿ ಕಲ್ಲು. ಅವರು ಮರಗಳನ್ನು ನೋಡುತ್ತ ನಡೆದಿದ್ದರು; ನೆಲವೆಲ್ಲ ನನಗೆ ಗೊತ್ತಿತ್ತು. ಎದೆ ಹಗುರಾಯಿತು.

“ಬಲಕ್ಕ ಬಾ” ಎಂದು ಮುಂದೆ ನಡೆದೆ.

“ಸಾವಕಾಶ ನಡೀರಿ ಅವ್ವಾರ,” ಎಂದು ಸುಮಾ ಹಿಂದಿನಿಂದ ಕೂಗಿದಳು, “ನಾ ನಿಮ್ಮ ಹೆಜ್ಜಿ ನೋಡ್ಕೋತ ಬರಾಕತ್ತೀನಿ!”